ಪರದೆ ಮಬ್ಬಾದರೆ ಮುಳ್ಳು ನೋಡಿ

ಟೆಂಟಿನಲ್ಲಿ ಸಿನಿಮಾ ನೋಡಿದವರು ಒಂದು ಕೂಗನ್ನು ಮರೆತಿರಲಾರರು. ಹೀರೋ ಖಳನಾಯಕನ ಕೊರಳಪಟ್ಟಿಗೆ ಕೈ ಹಾಕುವ ಹೊತ್ತಿಗೇ ಪರದೆ ಹಳದಿಗೆ ತಿರುಗಿ, ಆಮೇಲೆ ಮಂಕಾಗಿ, ಕೊನೆಗೆ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದೇ ತಿಳಿಯದಂತಾಗುತ್ತಿತ್ತು. ಆಗ ಗಾಂಧಿ ಕ್ಲಾಸಿನಿಂದ "ಲೇಯ್, ಕಾರ್ಬನ್ ಹಾಕ್ಲಾ!" ಎಂಬ ಬೊಬ್ಬೆ ಏಳುತ್ತಿತ್ತು. ಹಿಂದೆಯೇ ಒಂದೆರಡು ಸೀಟಿ. ಕ್ಯಾಬಿನ್ನಿನೊಳಗಿದ್ದ ಆಪರೇಟರ್ ಏನೋ ತಿರುಗಿಸುತ್ತಿದ್ದ, ಪರದೆ ಮತ್ತೆ ಬೆಳ್ಳಗಾಗುತ್ತಿತ್ತು, ಜನ ಸುಮ್ಮನಾಗುತ್ತಿದ್ದರು.

ಜನರ ಆ ರೋಗನಿರ್ಣಯ ಅರ್ಧ ಸರಿ. ಕಾರ್ಬನ್ ಕಡ್ಡಿ ಸವೆದು ಬೆಳಕು ಕುಂದುತ್ತಿದ್ದದ್ದು ನಿಜ. ಆದರೆ ಕಡ್ಡಿ ಸರಿಯಾಗಿದ್ದಾಗಲೂ ಪರದೆ ಮಬ್ಬಾಗುತ್ತಿತ್ತು. ಕುರ್ಚಿ ಕ್ಲಾಸಿನಲ್ಲಿ ಕುಳಿತ ಮೇಷ್ಟ್ರು ಅಂಥ ದಿನ "ಪ್ರಿಂಟ್ ಹಳೇದು" ಎಂದು ತೀರ್ಪು ಕೊಡುತ್ತಿದ್ದರು. ಪ್ರಿಂಟ್ ಪಾಪ, ಎಷ್ಟೋ ಸಲ ನಿರಪರಾಧಿ. ಪರದೆಯ ಬೆಳಕಿನ ಗುಟ್ಟು ಹೇಳುತ್ತಿದ್ದದ್ದು ಕ್ಯಾಬಿನ್ನಿನ ಗೋಡೆಯ ಮೇಲಿದ್ದ ಒಂದು ಮೀಟರು. ಟಿಕೆಟ್ ಕೊಂಡವರ್ಯಾರೂ ಅದನ್ನು ನೋಡುವಂತಿರಲಿಲ್ಲ. ದೀಪದ ಮೂಲಕ ಎಷ್ಟು ಆಂಪಿಯರ್ ವಿದ್ಯುತ್ ಹರಿಯುತ್ತಿದೆ ಎಂದು ತೋರಿಸುವ ಆ ಮುಳ್ಳಿನ ಬಗ್ಗೆ ಇಷ್ಟು ವರ್ಷ ಸಿನಿಮಾ ಬಗ್ಗೆ ಬರೆದವರಾರೂ ಹೆಚ್ಚು ಹೇಳಿದ್ದಿಲ್ಲ.

ಆ ಮುಳ್ಳಿಗೆ ಮೊದಲು ಕರೆಂಟಿನ ಮಾತು. ಮಂಡ್ಯ ಜಿಲ್ಲೆಯ ನಮ್ಮ ಕರಿಘಟ್ಟದ ಸೀಮೆಗೂ ವಿದ್ಯುತ್ತಿಗೂ ನಂಟು ಹಳೆಯದು. ಬೆಟ್ಟದ ತಪ್ಪಲಲ್ಲಿ ಲೋಕಪಾವನಿಯನ್ನು ಸೇರಿಸಿಕೊಂಡ ಕಾವೇರಿ ಮುಂದೆ ಹರಿದು ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲಿ ಅಲ್ಲಿ ಶುರುವಾದ ವಿದ್ಯುದಾಗಾರದ ಕರೆಂಟು ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಉರಿಯಿತು. ಬೇಸಿಗೆಯಲ್ಲಿ ನದಿ ಇಳಿದರೂ ಶಿವನಸಮುದ್ರದ ಯಂತ್ರಗಳಿಗೆ ನೀರು ಸಮನಾಗಿ ಸಿಗಲಿ ಎಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಒಂದು ಕಾರಣ. ಇಷ್ಟಾದರೂ ಕರೆಂಟು ತಯಾರಾಗುವ ಜಿಲ್ಲೆಯ ಹಳ್ಳಿಗಳಿಗೆ ಅದು ಬಂದದ್ದು ನಿಧಾನವಾಗಿ. ಮೇಲುಕೋಟೆಯ ವೈರಮುಡಿಗೋ ಹೇಮಗಿರಿಯ ದನಗಳ ಜಾತ್ರೆಗೋ ಜನ ಸೇರುವ ಈ ಸೀಮೆಯಲ್ಲಿ ಊರೂರು ಸುತ್ತುವ ಟೂರಿಂಗ್ ಟಾಕೀಸು ಡೇರೆ, ಪರದೆಗಳ ಜೊತೆಗೆ ತನ್ನದೇ ಆಯಿಲ್ ಇಂಜಿನ್ನು, ಡೈನಮೋ ಹೊತ್ತು ತರಬೇಕಾಗಿತ್ತು. ಊರಿಗೆ ಕರೆಂಟು ಬರುವ ಮೊದಲು ಊರಾಚೆಯ ಬಯಲಲ್ಲಿ ಅದರ ಬೆಳಕು ಕಾಣಿಸಿಕೊಂಡಿತು. ಇಂಜಿನ್ನಿನ ಡಗ್ ಡಗ್ ಸದ್ದೇ ಷೋ ಇದೆ ಎಂಬುದಕ್ಕೆ ಡಂಗುರ.

ಆ ಬೆಳಕು ಹುಟ್ಟುತ್ತಿದ್ದದ್ದು ಹೇಗೆ? ಲ್ಯಾಂಪ್ ಹೌಸ್ ಎಂಬ ತಗಡಿನ ಪೆಟ್ಟಿಗೆಯೊಳಗೆ ಎರಡು ಕಾರ್ಬನ್ ಕಡ್ಡಿಗಳು ಎದುರುಬದುರು. ಒಂದು ಪಾಸಿಟಿವ್, ಇನ್ನೊಂದು ನೆಗೆಟಿವ್. ಮೈಗೆ ತಾಮ್ರದ ತೆಳು ಲೇಪ, ಪಾಸಿಟಿವ್ ಕಡ್ಡಿಯ ತಿರುಳಲ್ಲಿ ಸೀರಿಯಂನಂಥ ಅಪರೂಪದ ಲೋಹಗಳ ಲವಣ. ಎರಡನ್ನೂ ಒಮ್ಮೆ ಮುಟ್ಟಿಸಿ ಕೊಂಚ ದೂರ ಸರಿಸಿದರೆ ನಡುವಿನ ಗಾಳಿಯೇ ಕಾದು ವಿದ್ಯುತ್ತಿಗೆ ದಾರಿಯಾಗುತ್ತದೆ. ಅದೇ ಆರ್ಕ್. ಪಾಸಿಟಿವ್ ತುದಿ ಉರಿದು ಕುಳಿ ಬೀಳುತ್ತದೆ. ಆ ಕುಳಿಯ ಶಾಖ ಮೂರೂವರೆ ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕುಳಿಯ ಬೆಳಕನ್ನು ಹಿಂದಿನ ಕನ್ನಡಿ ಬಾಚಿ ಫಿಲ್ಮಿನ ಮೇಲೆ ಹಾಯಿಸುತ್ತದೆ. 7 ಮಿಲಿಮೀಟರ್ ದಪ್ಪದ ಕಡ್ಡಿಗೆ 40ರಿಂದ 50 ಆಂಪಿಯರ್ ಬೇಕು, ಆರ್ಕಿನ ಎರಡು ತುದಿಗಳ ನಡುವೆ 35 ವೋಲ್ಟ್ ಆಸುಪಾಸು. ದೊಡ್ಡ ಪರದೆಗೆ ದಪ್ಪ ಕಡ್ಡಿ, ನೂರು ದಾಟಿದ ಆಂಪಿಯರ್.

ವೋಲ್ಟೇಜನ್ನು ಬಿಟ್ಟು ಆಂಪಿಯರನ್ನೇ ಯಾಕೆ ಕಾಯಬೇಕು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಮನೆಯ ಬಲ್ಬಿನ ತಂತಿ ಕಾದಷ್ಟೂ ವಿದ್ಯುತ್ತಿಗೆ ಅಡ್ಡಿ ಹೆಚ್ಚುತ್ತದೆ, ಹಾಗಾಗಿ ಅದು ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ಆರ್ಕಿನ ಸ್ವಭಾವ ತದ್ವಿರುದ್ಧ. ಕರೆಂಟು ಹೆಚ್ಚಿದಷ್ಟೂ ನಡುವಿನ ಅನಿಲ ಇನ್ನಷ್ಟು ಕಾಯುತ್ತದೆ, ದಾರಿ ಇನ್ನಷ್ಟು ಸಲೀಸಾಗುತ್ತದೆ, ಆಗ ಕರೆಂಟು ಮತ್ತೂ ಹೆಚ್ಚುತ್ತದೆ. ಕೈಬಿಟ್ಟರೆ ಫ್ಯೂಸ್ ಹಾರುವ ತನಕ ನಿಲ್ಲುವುದಿಲ್ಲ. ಆದ್ದರಿಂದ ಆರ್ಕನ್ನು ಎಂದೂ ನೇರವಾಗಿ ಡೈನಮೋಗೆ ಜೋಡಿಸುವುದಿಲ್ಲ, ನಡುವೆ ಒಂದು ರೆಸಿಸ್ಟೆನ್ಸ್ ಇರಲೇಬೇಕು.

ಲೆಕ್ಕ ಹಾಕಿದರೆ ಆ ಟೆಂಟಿನ ಪಾಡು ಅರ್ಥವಾಗುತ್ತದೆ. ಡೈನಮೋ 75 ವೋಲ್ಟ್ ಕೊಡುತ್ತಿದೆ, ಆರ್ಕಿಗೆ 35 ವೋಲ್ಟ್ ಸಾಕು ಎಂದಿಟ್ಟುಕೊಳ್ಳಿ. ಉಳಿದ 40 ವೋಲ್ಟನ್ನು 1 ಓಮ್ ರೆಸಿಸ್ಟೆನ್ಸ್ ನುಂಗಿದರೆ ಹರಿಯುವುದು 40 ಆಂಪಿಯರ್. ಆರ್ಕಿಗೆ ಸಿಕ್ಕಿದ್ದು 1,400 ವಾಟ್, ರೆಸಿಸ್ಟೆನ್ಸಿನ ಸುರುಳಿ ಕಾಯಿಸಲು ಹೋದದ್ದು 1,600 ವಾಟ್! ಡೈನಮೋ ಹುಟ್ಟಿಸಿದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಆ ಸುರುಳಿಯ ಪಾಲು. ಇಷ್ಟೇ ಅಲ್ಲ. ಇಂಜಿನ್ ಸುಸ್ತಾಗಿ ವೋಲ್ಟೇಜು ಶೇ 10ರಷ್ಟು ಇಳಿದು 67.5 ಆಯಿತೆನ್ನಿ. ಆರ್ಕು ತನ್ನ 35 ವೋಲ್ಟನ್ನು ಬಿಟ್ಟುಕೊಡುವುದಿಲ್ಲ. ರೆಸಿಸ್ಟೆನ್ಸಿಗೆ ಉಳಿಯುವುದು 32.5 ವೋಲ್ಟ್, ಅಂದರೆ 32.5 ಆಂಪಿಯರ್. ವೋಲ್ಟೇಜು ಹತ್ತನೇ ಒಂದು ಭಾಗ ಇಳಿದರೆ ಕರೆಂಟು ಹೆಚ್ಚುಕಡಿಮೆ ಐದನೇ ಒಂದು ಭಾಗ ಬಿದ್ದುಹೋಯಿತು. ಬೆಳಕು ಅದಕ್ಕಿಂತಲೂ ಹೆಚ್ಚು ಕುಸಿಯುತ್ತದೆ, ಏಕೆಂದರೆ ಕುಳಿಯೊಳಗಿನ ಲವಣದ ಆವಿ ಸರಿಯಾಗಿ ಉರಿಯಬೇಕಾದರೆ ಕಡ್ಡಿಗೆ ಹೇಳಿದಷ್ಟು ಆಂಪಿಯರ್ ಸಿಗಲೇಬೇಕು. ಊರ ಲೈನಿಗೆ ಜೋಡಿಸಿದ ಮೇಲೂ ಕಥೆ ಬದಲಾಗಲಿಲ್ಲ. ಕಬ್ಬಿನ ಗದ್ದೆಗಳ ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ಲೈನಿನ ವೋಲ್ಟೇಜು ಬಗ್ಗುತ್ತದೆ. ಬೋರ್‌ವೆಲ್ಲಿನ ಮೋಟಾರಿಗೂ ಸಿನಿಮಾ ಹೀರೋನ ಮುಖಕ್ಕೂ ಇದ್ದ ಸಂಬಂಧ ಇದು.

ಹೀಗಾಗಿ ಆಪರೇಟರ್ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟೇ ಇರುತ್ತಿದ್ದ, ಕೆರೆಯ ತೂಬಿನ ಬಳಿ ಕೂತು ಯಾವ ಗದ್ದೆಗೆ ಎಷ್ಟು ನೀರೆಂದು ನೋಡಿಕೊಳ್ಳುವ ನೀರುಗಂಟಿಯಂತೆ. ಕಡ್ಡಿಗಳು ಸವೆದು ಅಂತರ ಹೆಚ್ಚಿದರೆ ಆಂಪಿಯರ್ ಇಳಿಯುತ್ತದೆ, ಆರ್ಕಿನ ವೋಲ್ಟೇಜು ಏರುತ್ತದೆ. ತೀರಾ ಹತ್ತಿರ ಬಂದರೆ ಉಲ್ಟಾ. ಆರ್ಕಿನ ವೋಲ್ಟೇಜಿನ ಈ ಏರಿಳಿತವನ್ನೇ ಬಳಸಿಕೊಂಡು ಹಳೆಯ ಎಂಜಿನಿಯರುಗಳು ಮಾಡಿದ ಉಪಾಯ ನನಗೆ ಇಂದಿಗೂ ಸೊಗಸೆನಿಸುತ್ತದೆ. ಕಡ್ಡಿಗಳನ್ನು ಮುಂದೆ ತಳ್ಳುವ ಪುಟ್ಟ ಮೋಟಾರನ್ನು ಆರ್ಕಿನ ಎರಡು ತುದಿಗಳಿಗೇ ಜೋಡಿಸಿಬಿಟ್ಟರು. ಅಂತರ ಹೆಚ್ಚಿತು, ವೋಲ್ಟೇಜು ಏರಿತು, ಮೋಟಾರು ಜೋರಾಗಿ ತಿರುಗಿ ಕಡ್ಡಿಯನ್ನು ತಳ್ಳಿತು. ಅಂತರ ಕಡಿಮೆಯಾಯಿತು, ಮೋಟಾರು ನಿಧಾನಿಸಿತು. ಒಂದು ಟ್ರಾನ್ಸಿಸ್ಟರೂ ಇಲ್ಲದೆ ದೀಪ ತನ್ನನ್ನು ತಾನೇ ನೋಡಿಕೊಂಡಿತು. ಅದರ ಮೇಲೊಂದು ಖಾತರಿಗಾಗಿ ಲ್ಯಾಂಪ್ ಹೌಸಿನ ಪಕ್ಕದ ಸಣ್ಣ ಕಿಂಡಿಯಿಂದ ಆರ್ಕಿನ ಬಿಂಬವನ್ನು ಗೆರೆ ಎಳೆದ ಒಂದು ಹಲಗೆಯ ಮೇಲೆ ಬೀಳಿಸುತ್ತಿದ್ದರು. ಕಡ್ಡಿಯ ತುದಿ ಗೆರೆ ದಾಟಿತೆ ಎಂದು ಬರಿಗಣ್ಣಲ್ಲೇ ತಿಳಿಯುತ್ತಿತ್ತು.

ಮೂರನೆಯ ಮೀಟರು ಆಪರೇಟರನ ಕಿವಿ. ಆಂಪಿಯರ್ ಮಿತಿ ಮೀರಿದರೆ ಆರ್ಕ್ ಬುಸುಗುಡುತ್ತದೆ. ಯಾಕೆ ಎಂಬುದನ್ನು ಕಂಡುಹಿಡಿದದ್ದು ಹರ್ಥಾ ಏರ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ. ಕುಳಿ ಅಗಲವಾಗಿ ಅಂಚು ಮೀರಿದಾಗ ಗಾಳಿಯ ಆಮ್ಲಜನಕ ನೇರವಾಗಿ ಕಾದ ಕಾರ್ಬನ್ನನ್ನು ಮುಟ್ಟಿ ಆ ಸದ್ದು ಬರುತ್ತದೆ ಎಂದು ಆಕೆ ತೋರಿಸಿಕೊಟ್ಟರು. 1899ರಲ್ಲಿ ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಗೆ ಆಯ್ಕೆಯಾದ ಮೊದಲ ಮಹಿಳೆ ಅವರು. ಆದರೂ 1901ರಲ್ಲಿ ರಾಯಲ್ ಸೊಸೈಟಿಯಲ್ಲಿ ಅವರ ಪ್ರಬಂಧವನ್ನು ಗಂಡಸೊಬ್ಬರು ಓದಬೇಕಾಯಿತು, ಹೆಂಗಸಿಗೆ ಅಲ್ಲಿ ಓದಲು ಅವಕಾಶವಿರಲಿಲ್ಲ. ಆರ್ಕ್ ಕುರಿತ ಅವರ ದೊಡ್ಡ ಪುಸ್ತಕ ಹೊರಬಂದದ್ದು ಶಿವನಸಮುದ್ರದ ಯಂತ್ರ ತಿರುಗಿದ 1902ರಲ್ಲೇ. ಮುಂದೆ ಸಿನಿಮಾ ಪ್ರೊಜೆಕ್ಟರಿನ ಕಾರ್ಬನ್ನುಗಳ ಮೇಲೂ ಅವರು ಕೆಲಸ ಮಾಡಿದರು. ಬುಸ್ ಎಂದೊಡನೆ ಕಡ್ಡಿಯನ್ನು ಸರಿಪಡಿಸುತ್ತಿದ್ದ ನಮ್ಮ ಆಪರೇಟರುಗಳಿಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ, ಅವರ ಶಾಸ್ತ್ರ ಕೈಗೆ ಬಂದಿತ್ತು.

ಕಾರ್ಬನ್ನಿನ ಇನ್ನೊಂದು ಸಂಕಟ ಅದರ ಆಯುಸ್ಸು. ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಖಾಲಿ. ಒಂದೇ ಪ್ರೊಜೆಕ್ಟರ್ ಇದ್ದ ಟೆಂಟುಗಳಲ್ಲಿ ರೀಲು ಬದಲಿಸಲು ಆಗಾಗ ಇಂಟರ್‌ವೆಲ್ ಕೊಡುತ್ತಿದ್ದದ್ದು ಕಡ್ಲೇಕಾಯಿ ಮಾರುವವರಿಗೆ ಒಳ್ಳೆಯದಾಯಿತು. ಅದೇ ಬಿಡುವಿನಲ್ಲಿ ಕಾರ್ಬನ್ನೂ ಬದಲಾಗುತ್ತಿತ್ತು. ಉಳಿದ ತುಂಡುಗಳನ್ನು ಎಸೆಯದೆ ಒಂದಕ್ಕೊಂದು ಜೋಡಿಸಿ ಉರಿಸುವುದೂ ಇತ್ತು. ಜೋಡಿಸಿದ ಕಡೆ ಸಂಪರ್ಕ ಸಡಿಲ, ಅಲ್ಲಿಗೆ ಉರಿ ಬಂದಾಗ ಮುಳ್ಳು ಕುಣಿಯುತ್ತಿತ್ತು, ಪರದೆಯೂ ಕುಣಿಯುತ್ತಿತ್ತು.

ಝೆನಾನ್ ಬಲ್ಬು ಬಂದು ಈ ಗೋಳನ್ನೆಲ್ಲ ಕೊನೆಗಾಣಿಸಿತು. 1950ರ ದಶಕದಲ್ಲಿ ಜರ್ಮನಿಯ ಓಸ್ರಾಂ ಕಂಪನಿ ಸಿನಿಮಾಗೆಂದು ತಂದ ಈ ದೀಪ ನಮ್ಮಲ್ಲಿ ಮೊದಲು ನಗರಗಳಿಗೆ, ಆಮೇಲೆ ನಿಧಾನವಾಗಿ ತಾಲ್ಲೂಕು ಊರುಗಳಿಗೆ ಬಂತು. ಗಟ್ಟಿ ಕ್ವಾರ್ಟ್ಸ್ ಗಾಜಿನ ಬುರುಡೆ, ಒಳಗೆ ಟಂಗ್‌ಸ್ಟನ್‌ನ ಎರಡು ತುದಿಗಳು, ನಡುವೆ ಕೆಲವೇ ಮಿಲಿಮೀಟರ್ ಅಂತರ, ಸುತ್ತ ಒತ್ತಿ ತುಂಬಿದ ಝೆನಾನ್ ಅನಿಲ. ಆರಿದ್ದಾಗಲೇ ಒಳಗಿನ ಒತ್ತಡ ಹೊರಗಿನ ಗಾಳಿಯ ಸುಮಾರು ಹತ್ತು ಪಟ್ಟು, ಉರಿಯುವಾಗ ಅದರ ಮೂರು ಪಟ್ಟು. ಬಲ್ಬು ಬದಲಿಸುವಾಗ ಮುಖಕ್ಕೆ ಕವಚ, ಮೈಗೆ ದಪ್ಪ ಜಾಕೆಟ್ ಹಾಕಬೇಕೆಂಬುದು ಸುಮ್ಮನೆ ಮಾಡಿದ ನಿಯಮವಲ್ಲ. ಇದು ಕೂಡ ಆರ್ಕೇ, ಆದರೆ ಸವೆಯುವ ಕಡ್ಡಿಯಿಲ್ಲ, ಹೊಗೆಯಿಲ್ಲ. 1,000 ವಾಟ್ ಬಲ್ಬಿಗೆ 20 ವೋಲ್ಟ್, 50 ಆಂಪಿಯರ್. 3,000 ವಾಟ್ ಬಲ್ಬಿಗೆ 30 ವೋಲ್ಟ್, 100 ಆಂಪಿಯರ್. ಆಯುಸ್ಸು ಸಾವಿರ ಗಂಟೆಗಳ ಲೆಕ್ಕದಲ್ಲಿ: ಚಿಕ್ಕದಕ್ಕೆ ಎರಡು ಸಾವಿರ, ದೊಡ್ಡದಕ್ಕೆ ಒಂದೂವರೆ ಸಾವಿರದ ಆಸುಪಾಸು.

ಗೋಳು ಹೋಯಿತು, ಅದರ ಜೊತೆಗೆ ಎಚ್ಚರವೂ ಹೋಯಿತು ಎಂಬುದು ನನ್ನ ತಕರಾರು. ಕಾರ್ಬನ್ ಕಾಲದಲ್ಲಿ ತಪ್ಪು ತಕ್ಷಣ ಕಾಣುತ್ತಿತ್ತು, ಜನ ತಕ್ಷಣ ಕೂಗುತ್ತಿದ್ದರು. ಝೆನಾನ್ ಬಲ್ಬು ತಿಂಗಳುಗಟ್ಟಲೆ ನಿಧಾನವಾಗಿ ಮಂಕಾಗುತ್ತದೆ. ಒಳಗಿನ ಟಂಗ್‌ಸ್ಟನ್ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಾಗಿ ಅಂಟುತ್ತದೆ, ತುದಿ ಸವೆದು ಅಂತರ ಹೆಚ್ಚುತ್ತದೆ. ದಿನಕ್ಕೆ ನಾಲ್ಕು ಷೋ, ಹತ್ತು ಗಂಟೆ ಎಂದರೆ ಒಂದೂವರೆ ಸಾವಿರ ಗಂಟೆಗೆ ಐದು ತಿಂಗಳು. ನಮ್ಮ ಕಣ್ಣು ಇಂಥ ಕಳ್ಳನನ್ನು ಹಿಡಿಯುವುದಿಲ್ಲ. ಕತ್ತಲಿಗೆ ಹೊಂದಿಕೊಳ್ಳುವುದೇ ಅದರ ಗುಣ, ಬೆಳಕು ಅರ್ಧವಾದರೂ ಅದಕ್ಕೆ ಅರ್ಧವಾದಂತೆ ತೋರುವುದಿಲ್ಲ. ದಿನಾ ಅದೇ ಪರದೆ ನೋಡುವ ಆಪರೇಟರಿಗಂತೂ ನಿನ್ನೆಗೂ ಇವತ್ತಿಗೂ ವ್ಯತ್ಯಾಸವೇ ಕಾಣದು. ಕಣ್ಣು ಹೇಳದ್ದನ್ನು ಹೇಳಲೆಂದೇ ಮೀಟರಿದೆ, ಅದನ್ನು ಬರೆದಿಡಲೆಂದೇ ದಿನಚರಿ ಪುಸ್ತಕ.

ಸರಿಯಾದ ಕ್ರಮ ಹೀಗೆ. ಹೊಸ ಬಲ್ಬನ್ನು ಪೂರ್ತಿ ಆಂಪಿಯರಿನಲ್ಲಿ ಉರಿಸದೆ ಕೊಂಚ ಕೆಳಗಿಟ್ಟು ಶುರು ಮಾಡುತ್ತಾರೆ, ಗಂಟೆಗಳು ಕೂಡಿದಂತೆ, ಎಸಿಯನ್ನು ಡಿಸಿಗೆ ತಿರುಗಿಸುವ ರೆಕ್ಟಿಫೈಯರಿನ ಟ್ಯಾಪ್ ಬದಲಿಸಿ ಮೆಲ್ಲಗೆ ಏರಿಸುತ್ತಾ ಪರದೆಯ ಬೆಳಕನ್ನು ಒಂದೇ ಸಮ ಇಡುತ್ತಾರೆ. ಮೇಲಿನ ಮಿತಿ ದಾಟಿದರೆ ತುದಿ ಕರಗಿ ಗಾಜು ಬೇಗ ಕಪ್ಪಾಗುತ್ತದೆ. ಕೆಳಗಿನ ಮಿತಿಯೂ ಇದೆ ಎಂಬುದನ್ನು ಬಹಳ ಮಾಲೀಕರು ಒಪ್ಪುವುದಿಲ್ಲ. ಬಲ್ಬು ದುಬಾರಿ, ಕಡಿಮೆ ಆಂಪಿಯರಿನಲ್ಲಿ ಉರಿಸಿದರೆ ಹೆಚ್ಚು ದಿನ ಬರುತ್ತದೆ ಎಂಬುದು ಅವರ ಲೆಕ್ಕ. ಮೇಲ್ನೋಟಕ್ಕೆ ಸರಿಯೆನಿಸುವ ಈ ಲೆಕ್ಕ ಎರಡು ಕಡೆ ತಪ್ಪುತ್ತದೆ. ಕರೆಂಟನ್ನು ಶೇ 10 ಇಳಿಸಿದರೆ ಬೆಳಕು ಹತ್ತಕ್ಕಿಂತ ಹೆಚ್ಚೇ ಇಳಿಯುತ್ತದೆ. ಇನ್ನೂ ಇಳಿಸಿದರೆ ಕ್ಯಾಥೋಡ್ ಎಂಬ ನೆಗೆಟಿವ್ ತುದಿ ಬೇಕಾದಷ್ಟು ಕಾಯದೆ ಆರ್ಕಿನ ಬುಡ ಅಲ್ಲಿ ನೆಲೆನಿಲ್ಲುವುದಿಲ್ಲ, ಜಾಗ ಬದಲಿಸುತ್ತಾ ಕುಣಿಯುತ್ತದೆ, ಕುಣಿದಲ್ಲೆಲ್ಲ ಲೋಹ ಸವೆಯುತ್ತದೆ. ಉಳಿಸಲು ಹೋದ ಬಲ್ಬು ಮಿಣಮಿಣ ಎನ್ನುತ್ತಾ ಅವಧಿಗೆ ಮೊದಲೇ ಹಾಳಾಗುತ್ತದೆ. ನಡುವೆ ಎಷ್ಟೋ ಛಾಯಾಗ್ರಾಹಕರ ರಾತ್ರಿಯ ದೃಶ್ಯಗಳು ನಮ್ಮೂರ ಪರದೆಯಲ್ಲಿ ಬರೀ ಕಪ್ಪಾಗಿ ಹೋದವು. ಫಿಲ್ಮ್ ಇಲ್ಲದೆ ಖಾಲಿ ಬೆಳಕು ಬಿಟ್ಟಾಗ ಪರದೆಯ ನಡುವೆ 16 ಫುಟ್-ಲ್ಯಾಂಬರ್ಟ್ ಹೊಳಪಿರಬೇಕು ಎಂಬುದು ಫಿಲ್ಮ್ ಕಾಲದ ಅಂತರರಾಷ್ಟ್ರೀಯ ಅಳತೆ. ಡಿಜಿಟಲ್ಲಿಗೆ ಅದು 14. ಎಷ್ಟು ಊರುಗಳಲ್ಲಿ ಅದನ್ನು ಅಳೆದು ನೋಡಿದ್ದಾರು?

1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಲೈಸೆನ್ಸ್ ಪಡೆಯುವ ಮಂದಿರಗಳಿಗೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟಿನ ತಪಾಸಣೆ ಇದೆ. ಅರ್ಥಿಂಗ್, ಫ್ಯೂಸು, ವೈರಿಂಗುಗಳನ್ನು ನೋಡುತ್ತಾರೆ, ನೋಡಲೇಬೇಕು. ಬೆಳಕು ನೋಡುವವರು ಅಲ್ಲಿ ಮೊದಲಿನಿಂದಲೂ ಪ್ರೇಕ್ಷಕರೊಬ್ಬರೇ.

ಇನ್ನು ಆ ಮೀಟರು ನೂರು ಆಂಪಿಯರನ್ನು ಅಳೆಯುವ ಬಗೆ. ಅಷ್ಟು ಕರೆಂಟು ನಿಜವಾಗಿ ಮೀಟರಿನೊಳಗೆ ಹರಿದರೆ ಅದರ ಕೂದಲೆಳೆಯ ಸುರುಳಿ ಕ್ಷಣದಲ್ಲಿ ಬೂದಿ. ಅದಕ್ಕೇ ದಾರಿಯಲ್ಲಿ ಶಂಟ್ ಎಂಬ ಲೋಹದ ಪಟ್ಟಿ ಇಡುತ್ತಾರೆ. 100 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ ಬರೀ 75 ಮಿಲಿವೋಲ್ಟ್ ಉಳಿಯುವಂತೆ ಅದನ್ನು ಕೊರೆದಿರುತ್ತಾರೆ. ಅದರಲ್ಲಿ ಪೋಲಾಗುವುದು ಏಳೂವರೆ ವಾಟ್ ಮಾತ್ರ. ಗೋಡೆಯ ಮೇಲಿನ ಆಮೀಟರ್ ವಾಸ್ತವದಲ್ಲಿ ಆ ಮಿಲಿವೋಲ್ಟನ್ನು ಓದುತ್ತದೆ, ಮುಖದ ಮೇಲೆ ಆಂಪಿಯರ್ ಅಂಕಿ ಬರೆದಿರುತ್ತಾರೆ ಅಷ್ಟೆ. ಇಲ್ಲೊಂದು ಹೊಂಡವಿದೆ. ಮೀಟರ್ ಕೆಟ್ಟಿತೆಂದು ಅಂಗಡಿಯಿಂದ ಇನ್ನೊಂದು ತಂದು ಹಾಕುತ್ತಾರೆ. ಹಳೆಯ ಶಂಟ್ 150 ಆಂಪಿಯರಿನದು, ಹೊಸ ಮೀಟರಿನ ಮುಖ 100ರದು ಎನ್ನಿ. ಎರಡೂ 75 ಮಿಲಿವೋಲ್ಟಿನವೇ, ಆದ್ದರಿಂದ ಜೋಡಣೆ ಸರಾಗ. ಆದರೆ ದೀಪದಲ್ಲಿ 75 ಆಂಪಿಯರ್ ಹರಿಯುತ್ತಿದ್ದರೆ ಮುಳ್ಳು 50 ಎಂದು ಸುಳ್ಳು ಹೇಳುತ್ತದೆ. ಪಾಪ, ಆಪರೇಟರ್ ಅದನ್ನು 75ಕ್ಕೆ ಏರಿಸುತ್ತಾನೆ. ಅಷ್ಟರಲ್ಲಿ ಬಲ್ಬಿನೊಳಗೆ 112 ದಾಟಿರುತ್ತದೆ. ಬಲ್ಬು ಬೇಗ ಹೋಯಿತೆಂದು ಆಮೇಲೆ ಕಂಪನಿಗೆ ಬೈಗುಳ.

ಸುಳ್ಳು ಹೇಳುವ ಮೀಟರನ್ನು ಹಿಡಿಯಲು ಕ್ಲಾಂಪ್ ಮೀಟರ್ ಬೇಕು. ಇಲ್ಲಿಯೂ ಒಂದು ಮಾತು. ಊರಿನ ಎಲೆಕ್ಟ್ರಿಷಿಯನ್ ಜೇಬಲ್ಲಿಟ್ಟುಕೊಂಡು ತಿರುಗುವ ಸಾಮಾನ್ಯ ಕ್ಲಾಂಪ್ ಮೀಟರನ್ನು ಝೆನಾನಿನ ಕೇಬಲ್ಲಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ, ನೂರು ಆಂಪಿಯರ್ ಹರಿಯುತ್ತಿದ್ದರೂ! ಅದು ಟ್ರಾನ್ಸ್‌ಫಾರ್ಮರ್ ತತ್ವದ್ದು, ದಿಕ್ಕು ಬದಲಿಸುತ್ತಿರುವ ಎಸಿಯನ್ನು ಮಾತ್ರ ಕಾಣಬಲ್ಲದು. ದೀಪಕ್ಕೆ ಹೋಗುವುದು ಡಿಸಿ. ಡಿಸಿ ಅಳೆಯುವ ಕ್ಲಾಂಪಿನೊಳಗೆ ಹಾಲ್ ಸೆನ್ಸರ್ ಇರುತ್ತದೆ. ಕರೆಂಟು ಹರಿಯುವ ಲೋಹದ ಹಾಳೆಯನ್ನು ಅಯಸ್ಕಾಂತದ ಕ್ಷೇತ್ರದಲ್ಲಿಟ್ಟರೆ ಅಡ್ಡಲಾಗಿ ಸಣ್ಣ ವೋಲ್ಟೇಜು ಹುಟ್ಟುತ್ತದೆಂದು ಎಡ್ವಿನ್ ಹಾಲ್ ಎಂಬ ಅಮೆರಿಕನ್ ವಿದ್ಯಾರ್ಥಿ 1879ರಲ್ಲೇ ಕಂಡಿದ್ದ. ಅದಕ್ಕೂ ಹಿಂದೆ, 1820ರಲ್ಲಿ ಅರ್ಸ್ಟೆಡ್ ಎಂಬ ವಿಜ್ಞಾನಿ ಕರೆಂಟು ಹರಿಯುವ ತಂತಿಯ ಪಕ್ಕದ ದಿಕ್ಸೂಚಿ ತಿರುಗುವುದನ್ನು ನೋಡಿದ್ದರು. 100 ಆಂಪಿಯರ್ ಹೊತ್ತ ಕೇಬಲ್ಲಿನಿಂದ ಎರಡು ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ ನಮ್ಮೂರಲ್ಲಿ ಭೂಮಿಗಿರುವುದರ ಸುಮಾರು ಇಪ್ಪತ್ತೈದು ಪಟ್ಟು. ಜಾತ್ರೆಯಲ್ಲಿ ಸಿಗುವ ಆಟದ ದಿಕ್ಸೂಚಿ ಹಿಡಿದರೂ ಸಾಕು, ದೀಪ ಹತ್ತಿದೆಯೇ ಇಲ್ಲವೇ ಎಂದು ಅದು ಹೇಳಿಬಿಡುತ್ತದೆ. ಕೇಬಲ್ಲಿಗೆ ಕಾಂತಕ್ಷೇತ್ರಕ್ಕೆ ಮಿಡಿಯುವ ಪುಟ್ಟ ರೀಡ್ ಸ್ವಿಚ್ಚನ್ನು ಕಟ್ಟಿ, ಷೋ ನಡುವೆ ದೀಪ ಆರಿದರೆ ಗಂಟೆ ಬಾರಿಸುವ ವ್ಯವಸ್ಥೆಯನ್ನು ಇದೇ ತತ್ವದ ಮೇಲೆ ಮಾಡಬಹುದು.

ಆಂಪಿಯರನ್ನೂ ವೋಲ್ಟನ್ನೂ ಜೊತೆಯಾಗಿ ಬರೆದಿಟ್ಟರೆ ಅವು ತಮ್ಮ ರೋಗವನ್ನು ತಾವೇ ಹೇಳುತ್ತವೆ. ಕರೆಂಟು ಅಷ್ಟೇ ಇದ್ದು ಬಲ್ಬಿನ ವೋಲ್ಟೇಜು ವಾರದಿಂದ ವಾರಕ್ಕೆ ಏರುತ್ತಿದ್ದರೆ ತುದಿ ಸವೆಯುತ್ತಿದೆ, ಬಲ್ಬಿಗೆ ವಯಸ್ಸಾಗಿದೆ. ಎರಡೂ ಒಟ್ಟಿಗೆ ಬಿದ್ದರೆ ತಪ್ಪು ರೆಕ್ಟಿಫೈಯರಿನದೋ ಲೈನಿನದೋ. ರೆಕ್ಟಿಫೈಯರಿನಲ್ಲಿ ವೋಲ್ಟ್ ಸರಿಯಾಗಿದ್ದು ಬಲ್ಬಿನ ಬುಡದಲ್ಲಿ ಒಂದು ವೋಲ್ಟ್ ಕಡಿಮೆ ಬಂದರೆ ನಡುವೆ ಎಲ್ಲೋ ಕೇಬಲ್ ತುದಿಯ ಲಗ್ ಸಡಿಲವಾಗಿದೆ. ಒಂದು ವೋಲ್ಟ್ ಎಂದು ಅಸಡ್ಡೆ ಮಾಡುವಂತಿಲ್ಲ. 100 ಆಂಪಿಯರಿಗೆ ಒಂದು ವೋಲ್ಟ್ ಎಂದರೆ ಆ ಪುಟ್ಟ ಜಾಗದಲ್ಲಿ 100 ವಾಟ್ ಶಾಖ, ಷೋ ಮುಗಿಯುವ ತನಕ. ಅಲ್ಲಿಯ ತಾಮ್ರ ಕಪ್ಪಾಗುತ್ತದೆ, ಕಪ್ಪಾದಷ್ಟೂ ಅಡ್ಡಿ ಹೆಚ್ಚುತ್ತದೆ, ಇನ್ನಷ್ಟು ಕಾಯುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತ ಬೆಂಕಿಯ ಮೂಲ ಪ್ರೊಜೆಕ್ಟರ್ ಅಲ್ಲ, ಕಟ್ಟಡದೊಳಗಿದ್ದ ಟ್ರಾನ್ಸ್‌ಫಾರ್ಮರ್. ಆದರೆ ಅಲ್ಲೂ ಶುರುವಾದದ್ದು ಸರಿಯಾಗಿ ಬಿಗಿಯದ ಒಂದು ಕೇಬಲ್ ಜೋಡಣೆಯಿಂದ.

ನಮ್ಮ ಕಡೆಯ ವಿಶೇಷ ಕಾಯಿಲೆ ಇನ್ನೊಂದಿದೆ: "ಒಂದು ಫೇಸ್ ಹೋಗಿದೆ" ಎನ್ನುವುದು. ಮೂರು ಫೇಸೂ ಇದ್ದಾಗ ರೆಕ್ಟಿಫೈಯರಿನಿಂದ ಹೊರಬರುವ ಡಿಸಿಯಲ್ಲಿ ಸೆಕೆಂಡಿಗೆ 300 ಸಣ್ಣ ಅಲೆಗಳಿರುತ್ತವೆ, ಕಣ್ಣಿಗೆ ಅವು ತಿಳಿಯುವುದಿಲ್ಲ. ಒಂದು ಫೇಸ್ ಹೋದರೆ ಅಲೆಗಳು 100ಕ್ಕಿಳಿದು ದೊಡ್ಡದಾಗುತ್ತವೆ. ಅದೂ ಕಾಣಬಾರದು, ಆದರೆ ಫಿಲ್ಮ್ ಪ್ರೊಜೆಕ್ಟರಿನಲ್ಲಿ ಕಾಣುತ್ತಿತ್ತು. ಯಾಕೆಂದರೆ ಸೆಕೆಂಡಿಗೆ 24 ಚಿತ್ರ, ಪ್ರತಿ ಚಿತ್ರಕ್ಕೂ ಷಟರ್ ಎರಡು ಸಲ ತೆರೆಯುತ್ತದೆ, ಒಟ್ಟು 48. ಅದರ ಇಮ್ಮಡಿ 96. ನೂರಕ್ಕೂ ತೊಂಬತ್ತಾರಕ್ಕೂ ನಾಲ್ಕರ ವ್ಯತ್ಯಾಸ. ಪರದೆ ಸೆಕೆಂಡಿಗೆ ನಾಲ್ಕು ಸಲ ಉಸಿರಾಡಿದಂತೆ ಏರಿಳಿಯುತ್ತಿತ್ತು. ಒಂದೇ ಡಯೋಡ್ ಸುಟ್ಟಿದ್ದರೆ 50ರ ಅಲೆ ಹುಟ್ಟಿ ಸೆಕೆಂಡಿಗೆ ಎರಡು ಸಲ. ನುರಿತ ಆಪರೇಟರ್ ಪರದೆಯ ಆ ತಾಳ ಎಣಿಸಿಯೇ ಫೇಸ್ ಹೋಗಿದೆಯೋ ಡಯೋಡ್ ಹೋಗಿದೆಯೋ ಊಹಿಸಬಹುದಿತ್ತು. ಡಿಸಿ ಆಮೀಟರಿನ ಮುಳ್ಳು ಇಲ್ಲಿ ನೆರವಿಗೆ ಬರುವುದಿಲ್ಲ, ಅದು ಸರಾಸರಿಯನ್ನಷ್ಟೇ ತೋರಿಸುತ್ತದೆ. ಆಗ ಊರಿನ ಎಲೆಕ್ಟ್ರಿಷಿಯನ್ನನ ಅದೇ ಸಾಮಾನ್ಯ ಕ್ಲಾಂಪ್ ಕೆಲಸಕ್ಕೆ ಬರುತ್ತದೆ. 3,000 ವಾಟ್ ದೀಪಕ್ಕೆ ರೆಕ್ಟಿಫೈಯರ್ ಒಳಬದಿಯ ಪ್ರತಿ ಫೇಸಿನಲ್ಲೂ ಏಳರ ಆಸುಪಾಸು ಆಂಪಿಯರ್ ಇರಬೇಕು. ಒಂದರಲ್ಲಿ ಸೊನ್ನೆ, ಉಳಿದೆರಡರಲ್ಲಿ ಹೆಚ್ಚು ಎಂದು ಬಂದರೆ ಮಾತೇ ಬೇಡ, ವಿದ್ಯುತ್ ಕಂಪನಿ ಚೆಸ್ಕಾಂಗೆ ಫೋನ್ ಮಾಡಬೇಕು.

2005ರ ನಂತರ ಯುಎಫ್‌ಓ, ಕ್ಯೂಬ್ ಕಂಪನಿಗಳ ಡಿಜಿಟಲ್ ವ್ಯವಸ್ಥೆ ಹಳ್ಳಿಗಾಡಿನ ಮಂದಿರಗಳಿಗೂ ಬಂತು, ಕೆಲವೇ ವರ್ಷಗಳಲ್ಲಿ ಫಿಲ್ಮ್ ರೀಲು ಮಾಯವಾಯಿತು. ರೀಲು ಹೋದರೂ ಎಷ್ಟೋ ಕಡೆ ಝೆನಾನ್ ಬಲ್ಬು ಉಳಿಯಿತು. ಈಗ ಮುಳ್ಳಿನ ಬದಲು ಯಂತ್ರದ ಪುಟ್ಟ ಪರದೆಯ ಮೇಲೊಂದು ಅಂಕಿ, ಬಲ್ಬು ಮುದಿಯಾದಂತೆ ಕರೆಂಟನ್ನು ತಾನೇ ಏರಿಸಿಕೊಳ್ಳುವ ಸಾಫ್ಟ್‌ವೇರ್. ಯಂತ್ರ ಚೆನ್ನಾಗಿ ಮಾಡುತ್ತದೆ, ಅನುಮಾನವಿಲ್ಲ. ಆದರೆ ಯಂತ್ರಕ್ಕೂ ಕಡಿಮೆ ಅಂಕಿಯ ಆದೇಶ ಕೊಡಬಹುದಲ್ಲ! ಗ್ಯಾರಂಟಿ ಗಂಟೆ ಮುಗಿದ ಮೇಲೂ ಬಲ್ಬು ಎಳೆಯುವ ಅಭ್ಯಾಸ ಡಿಜಿಟಲ್ ಆದೊಡನೆ ಹೋಗಿಬಿಡುವಂಥದ್ದಲ್ಲ. ಕಾರ್ಬನ್ ಹೋಯಿತು, ಮಬ್ಬು ಹೋಗಲಿಲ್ಲ. ಲೇಸರ್ ಪ್ರೊಜೆಕ್ಟರುಗಳು ಬಂದು ಬಲ್ಬನ್ನೇ ತೆಗೆದುಹಾಕುತ್ತಿವೆ. ಅವುಗಳೊಳಗೂ ಪ್ರತಿ ಲೇಸರ್ ಡಯೋಡಿಗೆ ಇಂತಿಷ್ಟೇ ಕರೆಂಟು ಎಂದು ಕಾಯುವ ಸರ್ಕ್ಯೂಟ್ ಇದೆ. ಒಂದು ಮಿತಿಗಿಂತ ಕೆಳಗಿಳಿದರೆ ಡಯೋಡಿನಿಂದ ಲೇಸರ್ ಬೆಳಕೇ ಬರುವುದಿಲ್ಲ, ಮೇಲೇರಿದರೆ ಸುಟ್ಟುಹೋಗುತ್ತದೆ.

ಝೆನಾನ್ ಇನ್ನೂ ಉರಿಯುತ್ತಿರುವ ಮಂದಿರದ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ, ಗೋಡೆಯ ಹಳೆಯ ಮೀಟರನ್ನು ನಂಬಿ ಕೂರುವ ಬದಲು ನೂರೈವತ್ತು ಆಂಪಿಯರ್ ತನಕ ಓದುವ ಹಾಲ್ ಸೆನ್ಸರ್ ಒಂದನ್ನು ಹಾಕಿಸಿ. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುವ ಯಾವ ಹುಡುಗ ಹುಡುಗಿಯರಾದರೂ ಅದಕ್ಕೊಂದು ಮೈಕ್ರೋಕಂಟ್ರೋಲರ್ ಜೋಡಿಸಿ, ಗಂಟೆಗಂಟೆಗೆ ಆಂಪಿಯರ್ ಬರೆದಿಡುವಂತೆ ಮಾಡಿಕೊಟ್ಟಾರು. ಅದನ್ನು ಎಲ್ಲಿ ಇಡಬೇಕೆಂಬುದಷ್ಟೇ ಜೋಪಾನ. ಝೆನಾನ್ ದೀಪ ಹತ್ತುವ ಕ್ಷಣದಲ್ಲಿ ಇಗ್ನೈಟರ್ ಅದರ ತುದಿಗಳ ನಡುವೆ ಇಪ್ಪತ್ತು ಸಾವಿರ ವೋಲ್ಟಿಗೂ ಮೀರಿದ ಹೊಡೆತ ಕೊಡುತ್ತದೆ. ಇಗ್ನೈಟರಿಗೂ ಬಲ್ಬಿಗೂ ನಡುವಿನ ತಂತಿಗೆ ಸೆನ್ಸರ್ ಕಟ್ಟಿದರೆ ಮೊದಲ ಷೋಗೇ ಅದು ಸತ್ತುಹೋಗುತ್ತದೆ, ಕಟ್ಟಿದವರ ಕೈಯೂ ಅಪಾಯದಲ್ಲಿರುತ್ತದೆ. ರೆಕ್ಟಿಫೈಯರಿನಿಂದ ಹೊರಬಂದು ಇಗ್ನೈಟರ್ ಮುಟ್ಟುವ ಮೊದಲಿನ ಕೇಬಲ್ಲಿಗೆ, ಮೇನ್ ಸ್ವಿಚ್ ತೆಗೆದು ಬಲ್ಬು ತಣಿದ ಮೇಲೆ, ಲೈಸೆನ್ಸ್ ಇರುವ ವೈರ್‌ಮನ್ ಕೈಯಿಂದ ಹಾಕಿಸಬೇಕು.